ಬಜರ್ ಕೂಗದ ಗಾಡಿ

ನವೆಂಬರ್ 11, ಸೋಮವಾರ

ಡೈರಿ ಬರೆಯುವ ಚಟ ನನಗಿಲ್ಲ. ಡಾಕ್ಟರ್ ಶ್ರೀಗೌರಿ ಬರೆಯಲೇಬೇಕೆಂದು ಹಟ ಹಿಡಿದಿದ್ದಾರೆ. ದಿನಕ್ಕೆ ಎರಡು ಸಲ ಬೆರಳು ಚುಚ್ಚಿ ಸಕ್ಕರೆ ನೋಡಬೇಕು, ನಂಬರ್ ಬರೆಯಬೇಕು. ಬೆವರು, ನಡುಕ, ಎದೆ ಬಡಿತ ಏನಾದರೂ ಬಂದರೆ ಅದನ್ನೂ ಬರೆಯಬೇಕು. ಸೊಸೈಟಿಯವರು ಕೊಟ್ಟ ಡೈರಿ ಹತ್ತು ತಿಂಗಳಿಂದ ಖಾಲಿ ಬಿದ್ದಿತ್ತು. ತೆಗೆದು ಧೂಳು ಹೊಡೆದೆ.

ಮೊದಲ ಪುಟದಲ್ಲಿ ವಿವರ ತುಂಬಿಸಲು ಜಾಗವಿದೆ. ತುಂಬಿಸಿದೆ. ಹೆಸರು: ಶೇಷಪ್ಪ. ವಯಸ್ಸು: ಐವತ್ತಮೂರು. ಊರು: ತೀರ್ಥಹಳ್ಳಿ. ಉದ್ಯೋಗ: ಬಸ್ ಡ್ರೈವರ್, ತೀರ್ಥಹಳ್ಳಿ–ರಿಪ್ಪನ್‌ಪೇಟೆ–ಹೊಸನಗರ–ಸಾಗರ, ಇಪ್ಪತ್ತೆರಡು ವರ್ಷ. ಕಾಯಿಲೆ ಬರೆಯಲು ಜಾಗ ಕೊಟ್ಟಿಲ್ಲ, ಒಳ್ಳೆಯದೇ ಆಯಿತು. ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷ. ಇನ್ಸುಲಿನ್ ಸೂಜಿ ಶುರುವಾಗಿ ನಾಲ್ಕು ವರ್ಷ. ಸೂಜಿಯ ವಿಷಯ ಹೆಂಡತಿ ಜಲಜಳಿಗೆ ಗೊತ್ತು, ಡಾಕ್ಟರಿಗೆ ಗೊತ್ತು. ನಮ್ಮ ಧಣಿ ಹರಿಪ್ರಸಾದರಿಗೆ ಗೊತ್ತಿಲ್ಲ. ಗೊತ್ತಾದ ದಿನ ಸ್ಟೇರಿಂಗ್ ನನ್ನ ಕೈಯಲ್ಲಿರುವುದಿಲ್ಲ. ಡಾಕ್ಟರಿಗೂ ನಾನು ಡ್ರೈವರ್ ಎಂಬುದು ಗೊತ್ತಿಲ್ಲ. "ಬಸ್ಸಲ್ಲಿ ಕೆಲಸ" ಎಂದಿದ್ದೇನೆ. ಕಂಡಕ್ಟರ್ ಎಂದುಕೊಂಡಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ಬೆಳಿಗ್ಗೆ ಆರಕ್ಕೆ ಸೂಜಿ. ಆರೂ ನಲವತ್ತಕ್ಕೆ ಗಾಡಿ ಬಿಡುವುದು. ಸೂಜಿಯಾಗಿ ಅರ್ಧ ಗಂಟೆಯೊಳಗೆ ತಿಂಡಿ ತಿನ್ನಬೇಕೆಂದು ಡಾಕ್ಟರ್ ಹೇಳುತ್ತಾರೆ. ಅದು ಆಗದ ಮಾತು. ಹುಂಚ ದಾಟಿದ ಮೇಲೆ ತಿರುವಿನಲ್ಲಿ ದಾರಿ ಕಾಯುವ ಚೌಡಿಯ ಕಲ್ಲಿದೆ. ಅಲ್ಲಿ ಗಾಡಿ ನಿಧಾನ ಮಾಡಿ ಹೂವು ಹಾಕುವವರೆಗೆ ಬಾಯಿಗೆ ಏನೂ ಹಾಕುವುದಿಲ್ಲ. ಸ್ಟೇರಿಂಗ್ ಹಿಡಿದ ಮೊದಲ ದಿನದಿಂದ ನಡೆಸಿಕೊಂಡು ಬಂದ ನೇಮ. ಆಮೇಲೆ ಎಂಟೂ ಐದಕ್ಕೆ ರಿಪ್ಪನ್‌ಪೇಟೆಯಲ್ಲಿ ಜ್ಯೋತಿಲಕ್ಷ್ಮಿಯ ಹೋಟೆಲು, ಎರಡು ದೋಸೆ. ನನ್ನ ಕೈಯಲ್ಲಿ ಇಷ್ಟು ವರ್ಷದಲ್ಲಿ ಒಂದು ಅಪಘಾತವಿಲ್ಲ, ಒಂದು ಟ್ರಿಪ್ ಕಟ್ ಆಗಿಲ್ಲ. ಚೌಡಿಯ ಪಾಲು ಅದರಲ್ಲಿದೆ.

ರಿಪ್ಪನ್‌ಪೇಟೆಯಲ್ಲಿ ಸಕ್ಕರೆ 61. ಸ್ವಲ್ಪ ಬೆವರು, ಬೆರಳಲ್ಲಿ ನಡುಕ. ದೋಸೆ ತಿಂದ ಮೇಲೆ ಹೋಯಿತು.

ನವೆಂಬರ್ 14, ಗುರುವಾರ

59. ಬೆವರು ಇಲ್ಲವೆನ್ನುವಷ್ಟು.

ನವೆಂಬರ್ 20, ಬುಧವಾರ

56. ಬೆವರಿಲ್ಲ. ನಡುಕವೂ ಇಲ್ಲ. ಹೋದ ವರ್ಷ 65ಕ್ಕೆ ಇಳಿದರೆ ಅಂಗಿ ಬೆನ್ನಿಗೆ ಅಂಟುತ್ತಿತ್ತು. ಕೊನೆಗೂ ಮೈ ಪಳಗಿತು. ಹೊಸ ಗಾಡಿ ಮೊದಲು ಗದ್ದಲ ಮಾಡಿ ಆಮೇಲೆ ಹದಕ್ಕೆ ಬರುವುದಿಲ್ಲವೇ, ಹಾಗೆ. "ಬೆವರಿಲ್ಲ" ಎಂಬುದರ ಕೆಳಗೆ ಗೆರೆ ಎಳೆದಿದ್ದೇನೆ. ಮುಂದಿನ ಸಲ ಡಾಕ್ಟರಿಗೆ ತೋರಿಸಬೇಕು.

ಜಲಜಳಿಗೆ ಹೇಳಿದೆ. "ಹೌದು ಮಾರಾಯ್ರೆ, ನಾನೂ ನೋಡ್ತಿದ್ದೆ. ಮೊದ್ಲು ಬೆಳಿಗ್ಗೆ ಎದ್ರೆ ನಿಮ್ಮ ತಲೆದಿಂಬು ಒದ್ದೆ ಆಗಿರ್ತಿತ್ತು. ಈಗ ಇಲ್ಲ" ಎಂದಳು. ಅವಳಿಗೂ ಖುಷಿ. ಇಬ್ಬರೂ ಸೇರಿ ಒಂದೊಂದು ಲೋಟ ಸಪ್ಪೆ ಕಾಫಿ ಕುಡಿದೆವು.

ನವೆಂಬರ್ 29, ಶುಕ್ರವಾರ

ಹೊಸ ತಲೆನೋವು. ನಮ್ಮ ಹಿಂದೆ ನಾಲ್ಕೇ ನಿಮಿಷಕ್ಕೆ ಇನ್ನೊಬ್ಬರ ಗಾಡಿ ಬಿಡುತ್ತಿದ್ದಾರೆ. ರಿಪ್ಪನ್‌ಪೇಟೆಯಲ್ಲಿ ತಿಂಡಿಗೆ ನಿಂತರೆ ಹೊಸನಗರದ ಜನವನ್ನೆಲ್ಲ ಅವನು ಬಾಚಿಕೊಂಡು ಹೋಗುತ್ತಾನೆ. ಅದಕ್ಕೆ ತಿಂಡಿಯನ್ನು ಹೊಸನಗರಕ್ಕೆ ಹಾಕಿಕೊಂಡೆವು. ಎಂಟೂ ಮುಕ್ಕಾಲು ಆಗುತ್ತದೆ.

ಜ್ಯೋತಿಲಕ್ಷ್ಮಿ ಹೋಟೆಲಿನ ಬಾಗಿಲಲ್ಲಿ ನಿಂತು ಕೂಗಿದಳು, "ಎಂತ ಶೇಷಪ್ಪಣ್ಣ, ನಮ್ಮ ದೋಸೆ ಕಹಿ ಆಯ್ತಾ?" ಹಾರ್ನ್ ಹೊಡೆದು ಹೊರಟೆ. ಬೇಜಾರಾಯಿತು.

ಹೊಸನಗರದಲ್ಲಿ 52. ಏನೂ ಅನಿಸಲಿಲ್ಲ. ಹಸಿವೂ ಇಲ್ಲ.

ಡಿಸೆಂಬರ್ 5, ಗುರುವಾರ

ಇವತ್ತು ಕೋಣಂದೂರು ದಾಟಿದ ಮೇಲೆ ಒಂದು ಸ್ಟಾಪಿನಲ್ಲಿ ನಿಲ್ಲಿಸದೆ ಬಂದೆ. ಕಾಲೇಜಿನ ಹುಡುಗಿಯರು ನಾಲ್ಕು ಜನ ಕೈ ತೋರಿಸಿದರಂತೆ. ನಾನು ನೋಡಿದೆ, ನಿಲ್ಲಿಸಬೇಕು ಎಂದು ಮಾತ್ರ ತೋಚಲಿಲ್ಲ. ಕಂಡಕ್ಟರ್ ಗುತ್ಯಪ್ಪ ಸೀಟಿ ಊದಿ ಊದಿ ಕೊನೆಗೆ ಮುಂದೆ ಬಂದು ಭುಜ ತಟ್ಟಿದ. "ಎಂತ ಆತು ಶೇಷಪ್ಪಣ್ಣ, ಯಾರದ್ದಾದ್ರೂ ಗ್ಯಾನವಾ?" ಎಂದ. ಮುಂದಿನ ಸೀಟಿನವರೆಲ್ಲ ನಕ್ಕರು. ನಾನೂ ನಕ್ಕೆ. ಮಂಜು ಬಹಳ ಇತ್ತು ಎಂದೆ.

ಮಂಜು ಅಷ್ಟೇನೂ ಇರಲಿಲ್ಲ. ನಿದ್ದೆ ಕಡಿಮೆಯಾಗಿದೆ, ಅಷ್ಟೇ.

ಗುತ್ಯಪ್ಪ ಈಚೆಗೆ ವಿಚಿತ್ರವಾಗಿ ಆಡುತ್ತಾನೆ. ಹೊಸನಗರ ಬರುವ ಮೊದಲು ನನ್ನ ಪಕ್ಕ ಬಂದು ನಿಂತು, "ಒಂಚೂರು ಬೆಲ್ಲ ಬಾಯಿಗೆ ಹಾಕ್ಕಳಿ" ಎಂದು ಟಿಕೆಟ್ ಚೀಲದಿಂದ ಬೆಲ್ಲದ ಉಂಡೆ ತೆಗೆಯುತ್ತಾನೆ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವುದು ಸರಿ, ಓಡುವ ಬಸ್ಸಿನಲ್ಲಿ ಎಂಥ ಉಪಚಾರ? ಸಕ್ಕರೆ ಕಾಯಿಲೆಯವನಿಗೆ ಬೆಲ್ಲ ತಿನ್ನಿಸುತ್ತೀಯಾ ಎಂದು ಗದರಿದೆ. ಉಂಡೆಯನ್ನು ವಾಪಸು ಚೀಲಕ್ಕೆ ಹಾಕಿಕೊಂಡ.

ಡಿಸೆಂಬರ್ 12, ಗುರುವಾರ

ಇವತ್ತು ಜಗಳ ಮಾಡಿದೆ, ಮನಸ್ಸು ಹಗುರಾಗಿದೆ.

ನಿನ್ನೆ ಗಾಡಿ ಗ್ಯಾರೇಜಿನಲ್ಲಿತ್ತು. ಬೆಳಿಗ್ಗೆ ಹೋಗಿ ಸ್ಟಾರ್ಟ್ ಮಾಡಿದರೆ ಬಜರ್ ಕೂಗುತ್ತಿಲ್ಲ. ನಮ್ಮ ಗಾಡಿಯ ಬ್ರೇಕ್ ಹಿಡಿಯುವುದು ಗಾಳಿಯಿಂದ. ಟ್ಯಾಂಕಿನಲ್ಲಿ ಗಾಳಿ ಕಡಿಮೆಯಾದರೆ ಬಜರ್ ಕೂಗಬೇಕು, ಡ್ರೈವರ್ ನಿಲ್ಲಿಸಬೇಕು. ಕೆಳಗೆ ಬಗ್ಗಿ ನೋಡಿದೆ. ವೈರ್ ಕಿತ್ತು ಟೇಪ್ ಸುತ್ತಿದ್ದಾರೆ.

ಮೆಕ್ಯಾನಿಕ್ ಹೇಳಿದ, "ಅದು ಯಾವಾಗ್ಲೂ ಕೂಗ್ತಿರ್ತದೆ ಮಾರ್ರೆ, ಕಿರಿಕಿರಿ. ಬ್ರೇಕ್ ಚೆನ್ನಾಗಿದೆ, ತಗಂಡು ಹೋಗಿ."

"ಯಾವಾಗ್ಲೂ ಕೂಗ್ತದೆ ಅಂದ್ರೆ ಯಾವಾಗ್ಲೂ ಗಾಳಿ ಸೋರ್ತಿದೆ ಅಂತ. ಬಾಯಿ ಮುಚ್ಚಿಸಿದ್ರೆ ಸೋರೋದು ನಿಲ್ತದಾ?" ಎಂದೆ.

ಹರಿಪ್ರಸಾದರು ಫೋನಿನಲ್ಲಿ ಇವತ್ತೊಂದು ದಿನ ಹೋಗಿ ಬಾ ಎಂದರು. ಬಜರ್ ಇಲ್ಲದ ಗಾಡಿ ನಾನು ತೆಗೆಯುವುದಿಲ್ಲ ಎಂದೆ. ನಲವತ್ತು ಜನ ನನ್ನ ಬೆನ್ನಿನ ಹಿಂದೆ ಕೂತಿರುತ್ತಾರೆ, ಅವರಿಗೆ ಕಾಣುವುದು ನನ್ನ ಬೆನ್ನು ಮಾತ್ರ. ಕೊನೆಗೆ ಸೋರುತ್ತಿದ್ದ ಪೈಪ್ ಬದಲಾಯಿಸಿ ವೈರ್ ಜೋಡಿಸಿದರು. ನಾನು ಬ್ರೇಕ್ ತುಳಿದು ತುಳಿದು ಗಾಳಿ ಇಳಿಸಿದೆ. ಕೂಗಿತು. ಒಂದು ಸಲ ಕೂಗಿದರೆ ನಂಬುವುದು ಹೇಗೆ? ಮತ್ತೆ ತುಂಬಿಸಿ ಇಳಿಸಿದೆ. ಮತ್ತೊಮ್ಮೆ. ಮೂರು ಸಲ ಕೂಗಿದ ಮೇಲೆಯೇ ಗಾಡಿ ತೆಗೆದೆ. ಹನ್ನೆರಡು ನಿಮಿಷ ತಡವಾಯಿತು, ಸಾಗರಕ್ಕೆ ಸರಿಯಾದ ಹೊತ್ತಿಗೆ ಮುಟ್ಟಿಸಿದೆ.

ಹೊಸನಗರ 48. ಬೆವರಿಲ್ಲ.

ಡಿಸೆಂಬರ್ 17, ಮಂಗಳವಾರ

ಸಾಗರ. ಟೈಮಿಗೆ ಬಂದೆ. ಚೆನ್ನಾಗಿದ್ದೇನೆ. ಬೆವರಿಲ್ಲ. ಜನ ಹತ್ತಲಿ. ಟೈಮಿಗೆ ಬಂದೆ. ಗುತ್ಯಪ್ಪ ಯಾಕೆ ಬೆಲ್ಲ ಹಿಡಿದು ನಿಂತಿದ್ದಾನೆ. ಜನ ಹತ್ತಲಿ ಜನ ಹತ್ತಲಿ. ಚೆನ್ನಾಗಿದ್ದೇನೆ. ಟೈಮಿಗೆ ಚೆನ್ನಾಗಿದ್ದೇ

ಡಿಸೆಂಬರ್ 18, ಬುಧವಾರ

ಮೇಲಿನದನ್ನು ನಾನು ಬರೆದದ್ದು ನನಗೆ ನೆನಪಿಲ್ಲ.

ಅಕ್ಷರ ನನ್ನದೇ. ಸಾಲು ಮಾತ್ರ ಪುಟದ ಕೆಳಗೆ ಜಾರುತ್ತ ಹೋಗಿದೆ. ಸಕ್ಕರೆ ನೋಡುವ ಮೀಟರ್ ತೆಗೆದು ಹಳೆಯ ಲೆಕ್ಕ ಒತ್ತಿ ನೋಡಿದೆ. ನಿನ್ನೆ ಹತ್ತೂ ಇಪ್ಪತ್ತೆರಡು, 43. ಬೆರಳು ಚುಚ್ಚಿಕೊಂಡದ್ದೂ ನೆನಪಿಲ್ಲ.

ನನಗೆ ನೆನಪಿರುವುದು ಇಷ್ಟು. ಆರಗದ ಹತ್ತಿರ ಲಾರಿ ಅಡ್ಡ ಸಿಕ್ಕಿಕೊಂಡು ಅರ್ಧ ಗಂಟೆ ಹೋಯಿತು. ಹೊಸನಗರದಲ್ಲಿ ತಿಂಡಿಗೆ ಇಳಿಯಲಿಲ್ಲ. ಸಾಗರದಲ್ಲಿ ತಿಂದರಾಯಿತು ಎಂದು ಸಪ್ಪೆ ಚಾ ಕುಡಿದು ಗಾಡಿ ತೆಗೆದೆ. ಆಮೇಲಿನದು ಇಲ್ಲ.

ಉಳಿದದ್ದನ್ನು ಗುತ್ಯಪ್ಪನ ಬಾಯಿ ಬಿಡಿಸಿ ಕೇಳಿದೆ. ಮೊದಲು ಏನೂ ಇಲ್ಲ ಬಿಡಿ ಎಂದ. ಡೈರಿ ತೋರಿಸಿದ ಮೇಲೆ ಹೇಳಿದ.

"ಬಟ್ಟೆಮಲ್ಲಪ್ಪ ದಾಟಿದ್ಮೇಲೆ ಬಲಗಡೆ ಹೋಗ್ಬಿಟ್ರಿ. ಎದುರಿಂದ ಸ್ಕೂಲ್ ವ್ಯಾನ್. ಅವ್ನು ಚರಂಡಿಗೆ ಇಳಿಸ್ಕಂಡ, ಬಚಾವಾದ್ವಿ. ಮಕ್ಕಳಿಗೆ ಎಂತೂ ಆಗ್ಲಿಲ್ಲ. ಆಮೇಲೆ ಎಂತದೂ ಇಲ್ಲದ ಜಾಗದಲ್ಲಿ ಗಾಡಿ ನಿಲ್ಸಿ ಬಾಗ್ಲು ತೆಗಿ, ಜನ ಹತ್ತಲಿ ಅಂದ್ರಿ. ಒಬ್ರೂ ಇರ್ಲಿಲ್ಲ ಅಲ್ಲಿ. ಬೆಲ್ಲ ಬಾಯಿಗೆ ತುರುಕಿದೆ, ಉಗಿದ್ರಿ. ಇಳೀರಿ ಅಂದೆ, ಕೇಳ್ಲಿಲ್ಲ. ಮತ್ತೆ ಹೊರಟ್ರಿ. ಇಪ್ಪತ್ತು ಸ್ಪೀಡಲ್ಲಿ ಬಂದಿದ್ದು, ನಾನು ಕೈ ಹ್ಯಾಂಡ್‌ಬ್ರೇಕ್ ಮೇಲೆ ಇಟ್ಕಂಡೇ ಇದ್ದೆ. ಸಾಗರದಲ್ಲಿ ಇನ್ನೊಂದು ಉಂಡೆ ತಿನ್ನಿಸ್ದ ಮೇಲೆ ಸರಿ ಆದ್ರಿ."

"ನಿಂಗೆ ಯಾವಾಗ ಗೊತ್ತಾತು?"

"ಸೂಜಿ ವಿಷ್ಯನಾ? ದೀಪಾವಳಿ ಹೊತ್ತಿಗೆ. ನಮ್ಮಪ್ಪಂಗೂ ಹಿಂಗೇ ಆಗ್ತಿತ್ತು. ಅದಕ್ಕೇ ಬೆಲ್ಲ ಇಟ್ಕಂಡಿದ್ದು."

"ಹೇಳ್ಬೇಕಿತ್ತು ಕಣಾ."

"ಹೇಳಿದ್ರೆ ನಿಮ್ಮ ಕೆಲ್ಸ ಹೋಗ್ತಿತ್ತು. ಹೇಳ್ದೆ ಇದ್ದಿದ್ದು ತಪ್ಪೇ. ನಿನ್ನೆಯಿಂದ ಊಟ ಸೇರ್ತಿಲ್ಲ ನಂಗೆ."

ನನಗೂ ಸೇರುತ್ತಿಲ್ಲ. ಆ ವ್ಯಾನಿನಲ್ಲಿ ಎಷ್ಟು ಮಕ್ಕಳಿದ್ದರು ಎಂದು ಕೇಳಲು ಧೈರ್ಯ ಬರಲಿಲ್ಲ.

ಸಂಜೆ ಡಾಕ್ಟರ್ ಹತ್ತಿರ ಹೋದೆ. ಡೈರಿಯನ್ನು ಮೇಜಿನ ಮೇಲಿಟ್ಟು, ನಾನು ಕಂಡಕ್ಟರ್ ಅಲ್ಲ ಡ್ರೈವರ್ ಎಂದೆ. ಅವರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನವೆಂಬರ್ ಇಪ್ಪತ್ತರ ಪುಟಕ್ಕೆ ಬಂದಾಗ, ನಾನು ಗೆರೆ ಎಳೆದ ಜಾಗದಲ್ಲಿ ಬೆರಳಿಟ್ಟರು.

"ಇಲ್ಲಿ ನೀವು ಖುಷಿಪಟ್ಟಿದ್ದೀರಿ. ನಾನು ನೋಡಿದ್ದಿದ್ರೆ ಅವತ್ತೇ ಹೆದರ್ತಿದ್ದೆ" ಎಂದರು.

ಆಮೇಲೆ ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. ನನಗೆ ತಿಳಿದಂತೆ ಬರೆದಿಡುತ್ತೇನೆ. ಮೆದುಳು ನಡೆಯುವುದೇ ಸಕ್ಕರೆಯಿಂದ, ಆದರೆ ಅದಕ್ಕೆ ಕೂಡಿಟ್ಟುಕೊಳ್ಳಲು ಬರುವುದಿಲ್ಲ. ಅದಕ್ಕೇ ಅದರ ಬುಡದಲ್ಲಿ ರಕ್ತದ ಸಕ್ಕರೆಯ ಮೇಲೆ ಸದಾ ಕಣ್ಣಿಟ್ಟ ಒಂದು ಜಾಗವಿದೆ. ಸಕ್ಕರೆ ಇಳಿಯಿತೋ, ಮೊದಲು ಇನ್ಸುಲಿನ್ ನಿಲ್ಲುತ್ತದೆ. ನನ್ನ ಮೈಯಲ್ಲಿ ಅದು ನಡೆಯುವುದಿಲ್ಲ, ಸೂಜಿಯಲ್ಲಿ ಒಳಗೆ ಹೋದದ್ದನ್ನು ವಾಪಸು ಕರೆಯುವವರು ಯಾರು? ಎರಡನೆಯದು ಗ್ಲುಕಗಾನ್ ಎಂಬ ಹಾರ್ಮೋನು. ಇಟ್ಟ ಸಕ್ಕರೆ ಬಿಡು ಎಂದು ಅದು ಲಿವರಿಗೆ ಹೇಳಬೇಕು. ಕಾಯಿಲೆ ಹಳೆಯದಾದ ಹಾಗೆ ಅದೂ ಮಂಕಾಗುತ್ತದಂತೆ. ಉಳಿದದ್ದು ಮೂರನೆಯದು. ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಗ್ರಂಥಿಗೆ ಮೆದುಳು ಆಜ್ಞೆ ಕೊಡುತ್ತದೆ, ಅಲ್ಲಿಂದ ಅಡ್ರಿನಲಿನ್ ಹೊರಡುತ್ತದೆ. ಅದೂ ಲಿವರಿನಿಂದ ಸಕ್ಕರೆ ಬಿಡಿಸುತ್ತದೆ. ಆ ಹೊತ್ತಿನಲ್ಲಿ ಏಳುವ ಗದ್ದಲವೇ ಬೆವರು, ನಡುಕ, ಎದೆ ಬಡಿತ.

"ನೀವು ಕಾಯಿಲೆ ಅಂದ್ಕೊಂಡಿದ್ರಲ್ಲ, ಅದು ನಿಮ್ಮನ್ನ ಕಾಪಾಡೋ ಕೂಗು. ದಿನಾ ದಿನಾ ಇಳಿಸಿದ್ರೆ ಮೆದುಳು ಕೆಳಗಿನ ನಂಬರನ್ನೇ ಸರಿ ಅಂತ ಒಪ್ಕೊಳ್ಳತ್ತೆ. ಮೊದಲು ಅರವತ್ತೈದಕ್ಕೆ ಕೂಗ್ತಿದ್ದದ್ದು ಈಗ ನಲವತ್ತೈದಕ್ಕೂ ಕೂಗಲ್ಲ. ಅಷ್ಟು ಹೊತ್ತಿಗೆ ಯೋಚನೆ ಮಾಡೋ ಶಕ್ತಿನೇ ಹೋಗಿರತ್ತೆ. ಹೋಗಿದೆ ಅಂತ ತಿಳ್ಕೊಳ್ಳೋಕೂ ಅದೇ ಶಕ್ತಿ ಬೇಕಲ್ಲ" ಎಂದರು.

"ವೈರ್ ಕಿತ್ತದ್ದು ನಾನೇ ಅಂದ್ಹಂಗಾತು" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಬಜರಿನ ಕತೆ ಹೇಳಿದೆ. "ವಾಪಸ್ ಜೋಡಿಸಬಹುದು" ಎಂದರು. ಕೆಲವು ವಾರ ಸಕ್ಕರೆ ಒಂದು ಸಲವೂ ಎಪ್ಪತ್ತರ ಕೆಳಗೆ ಇಳಿಯದ ಹಾಗೆ ನೋಡಿಕೊಂಡರೆ ಬಹಳ ಜನರಲ್ಲಿ ಕೂಗು ಮರಳುತ್ತದಂತೆ. ಸೂಜಿಯ ಪ್ರಮಾಣ ಇಳಿಸಿದರು. ದಿನಕ್ಕೆ ಆರು ಸಲ ಬೆರಳು ಚುಚ್ಚಬೇಕು. ಸೂಜಿಗೆ ಸರಿಯಾಗಿ ತಿಂಡಿ.

"ಸ್ಟೇರಿಂಗ್?"

"ಮುಟ್ಟಬೇಡಿ. ನಾನು ಬರೆದು ಕೊಡೋ ತನಕ."

ಡಿಸೆಂಬರ್ 19, ಗುರುವಾರ

ಜ್ವರ ಎಂದು ರಜ ಹೇಳಿದೆ. ಇನ್ನೊಂದು ಸುಳ್ಳು.

ಜಲಜಳಿಗೆ ಎಲ್ಲ ಹೇಳಿದೆ. ತಲೆದಿಂಬು ಒಣಗಿತು ಎಂದು ಖುಷಿಪಟ್ಟದ್ದು ನೆನಪಾಗಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಸಿಟ್ಟಾದಳು. "ಉಪವಾಸ ಬಾ ಅಂತ ಚೌಡಿ ನಿಮ್ಮ ಹತ್ರ ಹೇಳಿದ್ಲಾ? ಹೂವು ಹಾಕಿ ಅಂದ್ರೆ ಹಾಕಿ. ಹೊಟ್ಟೆ ಖಾಲಿ ಇಟ್ಕಂಡು ಹಾಕಿ ಅಂತ ಯಾರು ಅಂದ್ರು?" ಯಾರೂ ಅಂದಿರಲಿಲ್ಲ. ನಾನೇ ಮಾಡಿಕೊಂಡ ನೇಮ, ನಾನೇ ಅದಕ್ಕೆ ಚೌಡಿಯ ಹೆಸರು ಹೇಳಿದ್ದು.

ಆರಕ್ಕೆ ಸೂಜಿ, ಆರೂ ಇಪ್ಪತ್ತಕ್ಕೆ ಮೂರು ಕಡುಬು. 104, 138, 121, 96, 149, 130.

ಡಿಸೆಂಬರ್ 22, ಭಾನುವಾರ

ಹರಿಪ್ರಸಾದರ ಮನೆಗೆ ಹೋಗಿ ಹೇಳಿದೆ. ನಾಲ್ಕು ವರ್ಷದ ಸೂಜಿ, ಸ್ಕೂಲ್ ವ್ಯಾನು, ಎಲ್ಲ. ಗುತ್ಯಪ್ಪನ ಬೆಲ್ಲದ ಮಾತು ಬಿಟ್ಟೆ. ಗಾಡಿಯ ಕೀಲಿ ಟೀಪಾಯಿಯ ಮೇಲೆ ಇಟ್ಟೆ.

ಅವರು ಕೂಗಾಡಿದರು. ಕೂಗಾಡುವ ಹಕ್ಕಿದೆ. ನಿನ್ನ ಲೈಸೆನ್ಸ್ ಹೋಗುವುದಿರಲಿ, ಆ ಮಕ್ಕಳಿಗೆ ಏನಾದರೂ ಆಗಿದ್ದರೆ ಎಂದರು. ನಾನೂ ಐದು ದಿನದಿಂದ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಕೊನೆಗೆ ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟ್ ಕೆಲಸ ಕೊಟ್ಟರು. ಅಂದರೆ ನಿಂತು ಊರಿನ ಹೆಸರು ಕೂಗಿ ಜನ ಹತ್ತಿಸುವುದು, ಹೊರಡುವ ಟೈಮು ನೋಡುವುದು.

ಡಿಸೆಂಬರ್ 26, ಗುರುವಾರ

ಕೋಣಂದೂರ್ ಹುಂಚ ರಿಪ್ಪನ್‌ಪೇಟೆ ಹೊಸನಗರ ಸಾಗರ. ದಿನಕ್ಕೆ ನೂರು ಸಲ. ಗಂಟಲು ಬಿದ್ದುಹೋಗಿದೆ. ನಮ್ಮ ಗಾಡಿಗೆ ದೀಪಕ್ ಎಂಬ ಹೊಸ ಡ್ರೈವರ್ ಬಂದಿದ್ದಾನೆ. ಗೇರ್ ಹಾಕಿದರೆ ಕಲ್ಲು ಅರೆದಂತೆ ಸದ್ದು. ನೋಡಲಾಗದೆ ಬೆನ್ನು ತಿರುಗಿಸಿ ನಿಲ್ಲುತ್ತೇನೆ.

ಇವತ್ತಿನ ಆರರಲ್ಲಿ ಎಲ್ಲಕ್ಕಿಂತ ಕೆಳಗಿನ ನಂಬರ್ 91.

ಜನವರಿ 2, ಗುರುವಾರ

ಹೊಸ ಡೈರಿ ಬಂದಿದೆ. ಹಳೆಯದರ ಕೊನೆಯಲ್ಲಿ ಇನ್ನೂ ಖಾಲಿ ಹಾಳೆಗಳಿವೆ, ಮುಗಿಸುತ್ತೇನೆ. 88.

ಜನವರಿ 9, ಗುರುವಾರ

93. ದೀಪಕ್‌ಗೆ ಕ್ಲಚ್ ಬಿಡುವ ಕ್ರಮ ತೋರಿಸಿದೆ. ಕೆಳಗೆ ನಿಂತೇ ಹೇಳಿದೆ, ಸೀಟಿಗೆ ಹತ್ತಲಿಲ್ಲ. ಹುಂಚದ ತಿರುವಿನಲ್ಲಿ ಚೌಡಿಗೆ ಹಾಕೆಂದು ಹೂವು ಕೊಟ್ಟೆ. "ತಿಂಡಿ ಆಯ್ತಾ?" ಎಂದೂ ಕೇಳಿದೆ. ಆಗಿದೆ ಎಂದ.

ಜನವರಿ 20, ಸೋಮವಾರ

ಮಧ್ಯಾಹ್ನ ಹನ್ನೆರಡೂವರೆ. ಸಾಗರದಿಂದ ಬರುವ ಗಾಡಿ ತಡವಾಗಿತ್ತು, ಕಾಯುತ್ತ ಊಟಕ್ಕೆ ಹೋಗಿರಲಿಲ್ಲ. ಯಾರೋ ಹೆಂಗಸು ಟೈಮು ಕೇಳಿದರು. ವಾಚು ನೋಡಲು ಕೈ ಎತ್ತಿದರೆ ಕೈ ಗಡಗಡ ಎನ್ನುತ್ತಿದೆ. ಎದೆ ಡವಡವ. ಹಣೆಯಿಂದ ಬೆವರು ಇಳಿದು ಕಣ್ಣಿಗೆ ಹೋಯಿತು, ಉರಿಯಿತು.

ಒಂದು ಗಳಿಗೆ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು ಬೆರಳು ಚುಚ್ಚಿದೆ. 66. ಜೇಬಿನ ಬೆಲ್ಲ ಬಾಯಿಗೆ ಹಾಕಿಕೊಂಡೆ. ಕಣ್ಣಲ್ಲಿ ನೀರು. ಕಣ್ಣಿಗೆ ಬೆವರು ಇಳಿದ ಉರಿಗೋ ಏನೋ ಎಂದುಕೊಳ್ಳಬಹುದಿತ್ತು, ಹಾಗೇನೂ ಅಲ್ಲ. ಖುಷಿಗೆ ಬಂದದ್ದು.

"ಹುಷಾರಿಲ್ವಾ ಅಣ್ಣ?" ಎಂದು ಆ ಹೆಂಗಸು ಕೇಳಿದರು. "ಹುಷಾರಾದೆ" ಎಂದೆ.

ಡಾಕ್ಟರಿಗೆ ಫೋನ್ ಮಾಡಿದೆ. ಒಳ್ಳೆಯ ಸುದ್ದಿ ಎಂದರು. ಊಟ ತಪ್ಪಿಸಿದ್ದಕ್ಕೆ ಅದೇ ಉಸಿರಿನಲ್ಲಿ ಬೈದರು. ಮತ್ತೊಮ್ಮೆ ಬರುತ್ತದೋ ನೋಡಲು ಬೇಕೆಂದೇ ಸಕ್ಕರೆ ಇಳಿಸುವ ಹಾಗಿಲ್ಲವಂತೆ. ಹಾಗೆ ಮಾಡಿದರೆ ಮತ್ತೆ ಮಂಕಾಗುತ್ತದೆ.

ಜನವರಿ 24, ಶುಕ್ರವಾರ

ಬೆಳಿಗ್ಗೆ ಆರೂವರೆಗೆ ದೀಪಕ್ ಫೋನ್ ಮಾಡಿದ. ಜ್ವರ, ಏಳಲಾಗುತ್ತಿಲ್ಲ. ದನಿ ಕೇಳಿದರೆ ನಿಜವೇ. ಬೇರೆ ಡ್ರೈವರ್ ಇಲ್ಲ. ಗಾಡಿಯಲ್ಲಿ ಆಗಲೇ ಮೂವತ್ತು ಜನ ಕೂತಿದ್ದರು.

ಹರಿಪ್ರಸಾದರು ಬಂದರು. ನನ್ನ ಕೈ ನಡುಗಿದ ಸುದ್ದಿ ಗುತ್ಯಪ್ಪನಿಂದ ಅವರಿಗೆ ಮುಟ್ಟಿತ್ತು. ಕೀಲಿ ನನ್ನ ಅಂಗೈಯಲ್ಲಿಟ್ಟು, "ಸರಿ ಹೋಗಿದೆಯಂತಲ್ಲ ಶೇಷಪ್ಪ. ತಿಂಡಿ ಆಗಿದೆ, ನಂಬರ್ ನೋಡಿದ್ದೀಯ. ಗುತ್ಯಪ್ಪ ಪಕ್ಕದಲ್ಲೇ ಇರ್ತಾನೆ. ಒಂದೇ ಟ್ರಿಪ್" ಎಂದರು.

ತಿಂಡಿ ಆಗಿತ್ತು. ನಂಬರ್ 118. ಕೀಲಿ ಬೆಚ್ಚಗಿತ್ತು, ನನ್ನ ಕೈಗೆ ಅದರ ತೂಕ ಮರೆತಿರಲಿಲ್ಲ. ಹತ್ತಬೇಕೆಂದು ಆಸೆಯಾಯಿತು, ಬಹಳ ಆಸೆಯಾಯಿತು. ಗಾಡಿಯೊಳಗೆ ನೋಡಿದೆ. ಮೊದಲ ಸೀಟಿನಲ್ಲಿ ಯೂನಿಫಾರ್ಮ್ ಹಾಕಿದ ಇಬ್ಬರು ಮಕ್ಕಳು.

"ಒಂದೇ ಸಲ ಕೂಗಿದ್ದು ಸ್ವಾಮಿ" ಎಂದೆ. "ಇನ್ನೆರಡು ಸಲ ಕೂಗ್ಬೇಕು. ಆಮೇಲೆ ಡಾಕ್ಟ್ರು ಬರ್ದು ಕೊಡ್ಬೇಕು."

ಅವರು ನನ್ನ ಮುಖವನ್ನೇ ನೋಡಿದರು. ಡಿಸೆಂಬರಿನಲ್ಲಿ ಬಜರ್ ಜಗಳದ ದಿನ ಮಾಡಿದ ಫೋನು ನೆನಪಾಗಿರಬೇಕು. ಕೀಲಿ ವಾಪಸು ತೆಗೆದುಕೊಂಡರು.

ಇನ್ನು ಜನರಿಗೆ ಹೇಳುವುದು ಏಜೆಂಟನ ಕೆಲಸ. ಫುಟ್‌ಬೋರ್ಡ್ ಮೇಲೆ ನಿಂತೆ. ಇಪ್ಪತ್ತೆರಡು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಗಂಟಲು ಸರಿಮಾಡಿಕೊಂಡು ಕೂಗಿದೆ, "ಎಲ್ಲರೂ ಇಳ್ಕಳ್ಳಿ. ಇವತ್ತು ಈ ಗಾಡಿ ಇಲ್ಲ. ಹಿಂದೆ ಇನ್ನೊಂದು ಬರ್ತಿದೆ, ಅದಕ್ಕೆ ಹತ್ತಿ."

ಜನ ಬೈಯುತ್ತ ಇಳಿದರು. ಮಕ್ಕಳಿಬ್ಬರ ಚೀಲ ನಾನೇ ಹಿಡಿದು ಇಳಿಸಿದೆ.